ಬಾನಿಯ ರುಚಿ

ಮೊನ್ನೆ ನನ್ನ ಮಗಳ ಮಗಳು ನೂಲಿಗೆ ನೀಲಿ ಹಾಕುವ ಬಣ್ಣದ ಬಾನಿಗೆ ಬೆರಳದ್ದಿ ನಾಲಿಗೆಗೆ ಮುಟ್ಟಿಸಿಕೊಂಡು, "ಅಜ್ಜೀ, ಸುಣ್ಣ ಜಾಸ್ತಿ ಆಗೈತೆ" ಅಂದಳು. ನಾನು ಹೆಚ್ಚು ಓದಿದವಳಲ್ಲ. ಆ ಸಂತೋಷವನ್ನು ಹೇಗೆ ಬರೆಯಬೇಕೋ ತಿಳಿಯದು. ಹಬ್ಬದೂಟ ಉಂಡು ಎದ್ದ ಹಾಗಿದೆ. ಆದರೆ ಅದನ್ನು ಹೇಳಬೇಕಾದರೆ ನಾನು ನಡುಗಿದ ದಿನಗಳನ್ನೂ ಹೇಳಬೇಕು.

ನ್ಯಾಮತಿಯಿಂದ ಚನ್ನಗಿರಿಗೆ ನಾನು ಸೊಸೆಯಾಗಿ ಬಂದಾಗ ಯುದ್ಧ ನಡೆಯುತ್ತಿತ್ತು. ಪರದೇಶದ ಬಣ್ಣದ ಪುಡಿ ಬರುವುದು ನಿಂತು, ನೇಕಾರರ ನೂಲಿಗೆ ಬಣ್ಣ ಹಾಕುವ ನಮ್ಮ ಮನೆಯವರು ಮತ್ತೆ ಗಿಡದ ನೀಲಿಯ ಹಳೆಯ ಬಾನಿಯನ್ನೇ ಹೂಡಿದ್ದರು. ಅದನ್ನು ಕೂಡಿಸುವ ವಿದ್ಯೆ ಗೊತ್ತಿದ್ದದ್ದು ಅತ್ತೆಯೊಬ್ಬರಿಗೇ. ಬಾಗಿಲಿಗೆ ಅಗಳಿ ಹಾಕಿಕೊಂಡೇ ಬೆರೆಸುತ್ತಿದ್ದರು. ಹೆಣ್ಣುಮಕ್ಕಳಿಗೆ ಹೇಳಿಕೊಟ್ಟರೆ ವಿದ್ಯೆ ಅವರನ್ನು ಕೊಟ್ಟ ಮನೆಗೆ ಹೋಗುತ್ತದೆ ಎನ್ನುತ್ತಿದ್ದರು. ಸೊಸೆಗೂ ಚೊಚ್ಚಲ ಹೆರಿಗೆಯಾದ ಮೇಲೆಯೇ ಹೇಳುವುದು. ನಾನಿನ್ನೂ ಬಸುರಿ.

ಅಷ್ಟರಲ್ಲಿ ಅತ್ತೆಗೆ ಲಕ್ವ ಹೊಡೆಯಿತು. ಬಲಗೈಯೂ ಮಾತೂ ಬಿದ್ದುಹೋದವು. ಕೆಲವೇ ದಿನಗಳಲ್ಲಿ ಬಾನಿ ಸತ್ತಿತು. ನೊರೆ ಇಳಿಯಿತು, ಅದ್ದಿದ ನೂಲು ಬೂದಿ ಬಳಿದಂತೆ ಮೇಲೆ ಬಂತು. ಅತ್ತೆ ಒಳಗೆ ಸುಣ್ಣ ಒಯ್ಯುವುದನ್ನಷ್ಟೇ ಮಾವ ಕಂಡಿದ್ದರು. ಅದನ್ನೇ ಸುರಿದರು. ಮತ್ತೆ ಸುರಿದರು.

"ಇವಳ ಕಾಲ್ಗುಣಾನೇ ಹಿಂಗೈತೆ," ಎಂದರು, ನನಗೆ ಕೇಳಲೆಂದೇ. "ಸಂತೇಬೆನ್ನೂರಿನ ನೇಕಾರ್ರು ಕೊಟ್ಟ ನೂಲು ವಾಪಸ್ ಒಯ್ದರೆ ಇವಳನ್ನ ತವರಿಗೆ ಕಳಿಸಾದೇ."

ನನ್ನ ಗಂಡ ಬೂದಿಯಾದ ನೂಲನ್ನು ಎತ್ತಿಕೊಂಡು ಹಿತ್ತಲಿಗೆ ನಡೆದರು. ಅಂದಿನಿಂದ ಬೀದಿಯಲ್ಲಿ ಗಾಡಿಯ ಸದ್ದಾದರೆ ಸಾಕು, ತುತ್ತು ನನ್ನ ಕೈಯಲ್ಲೇ ಉಳಿಯುತ್ತಿತ್ತು. ಬಸುರಿಯನ್ನು ಕಳಿಸಿದರೆ ಮತ್ತೆ ಕರೆಯುತ್ತಾರೆಯೇ? ಯಾರನ್ನು ಕೇಳುವುದು?

ಒಂದು ಮಧ್ಯಾಹ್ನ ಅತ್ತೆಗೆ ಗಂಜಿ ಕುಡಿಸುತ್ತ ಮೆಲ್ಲಗೆ ಹೇಳಿದೆ: "ಅತ್ತೇ, ಬಾನಿ ಸತ್ತೈತೆ. ನನ್ನ ಕಳಿಸ್ತಾರಂತೆ."

ಅವರು ಎಡಗೈಯಿಂದ ನನ್ನ ಮಣಿಕಟ್ಟು ಹಿಡಿದವರು ಬಿಡಲೇ ಇಲ್ಲ; ಕಣ್ಣು ಬಾನಿಯ ಕೋಣೆಯತ್ತಲೇ ಇತ್ತು. ಗಂಡನನ್ನು ಕರೆದೆ. ಅವರು ತಾಯಿಯನ್ನು ಎತ್ತಿ ತಂದು ಬಾನಿಯ ಪಕ್ಕ ಕೂರಿಸಿ, ಹಳೆಯ ರೂಢಿಯಂತೆ ಆಚೆ ಹೋಗಿ ಬಾಗಿಲು ಎಳೆದುಕೊಂಡರು. ಅತ್ತೆ ನನ್ನ ಬೆರಳನ್ನು ಬಾನಿಗದ್ದಿ ನನ್ನ ಬಾಯಿಗೇ ಇಟ್ಟರು. ನಾಲಿಗೆ ಸುಟ್ಟ ಹಾಗಾಯಿತು. ತಾವೂ ನೆಕ್ಕಿ ಮುಖ ಹಿಂಡಿದರು. ಸುಣ್ಣದ ಗಡಿಗೆಯನ್ನು ದೂರ ನೂಕಿ, ಮೂಲೆಯಲ್ಲಿದ್ದ ಬಾನಿಯನ್ನು ಹುಳಿಸುವ ತಗಚೆ ಬೀಜದ ಚೀಲವನ್ನೂ ಒಲೆಯನ್ನೂ ತೋರಿಸಿದರು. ಬೀಜ ಬೇಯಿಸಿ ಅದರ ಗಂಜಿಯನ್ನು ಬಾನಿಗೆ ಹುಯ್ದೆ. ನೆಕ್ಕಿದೆವು. ಇನ್ನಷ್ಟು ಹುಯ್ದೆ. ಉರಿ ಹೋಗಿ ಬರೀ ಒಗರು ಉಳಿದಾಗ ಅತ್ತೆ ತಲೆಯಾಡಿಸಿದರು.

ಮರುದಿನ ನೊರೆ ಎದ್ದಿತ್ತು. ಹಸಿರಾಗಿ ಮೇಲೆ ಬಂದ ನೂಲು ಗಾಳಿ ತಾಗಿ ನನ್ನ ಕೈಯಲ್ಲೇ ನೀಲಿಯಾಯಿತು. ಇನ್ನು ನನ್ನನ್ನು ಯಾರೂ ಕಳಿಸುವಂತಿರಲಿಲ್ಲ. ಆದರೂ ನಡುಕ ನಿಲ್ಲಲಿಲ್ಲ. ಮಾತು ಬಿದ್ದ ಅತ್ತೆಯನ್ನು ಬಿಟ್ಟರೆ ಈಗ ಗೊತ್ತಿರುವವಳು ನಾನೊಬ್ಬಳೇ. ಹೆರಿಗೆಯಲ್ಲಿ ನನಗೇ ಏನಾದರೂ ಆದರೆ?

ಅಗಳಿ ತೆಗೆದು, ನಮ್ಮಲ್ಲಿ ಕೂಲಿಗೆ ನೂಲು ಹಿಂಡುವ ಹೆಂಗಸರನ್ನು ಒಳಗೆ ಕರೆದೆ.

"ಮನೆ ವಿದ್ಯೆ ಬೀದಿಗೆ ಹಾಕ್ತೀಯೇನೇ?" ಎಂದು ಮಾವ ಎದ್ದು ಬಂದರು.

ನಾನು ಬಾನಿಯ ಪಕ್ಕ ಕೂತಿದ್ದ ಅತ್ತೆಯ ಮುಖ ನೋಡಿದೆ. ಅವರು ಎಡಗೈ ಬೆರಳನ್ನು ಬಾನಿಗದ್ದಿ, ಮುಂದೆ ನಿಂತಿದ್ದ ಮುದುಕಿಯ ಬಾಯಿಗೆ ಚಾಚಿದರು.

"ಥೂ, ಅಮ್ಮಾರೇ," ಎಂದಳು ಮುದುಕಿ, "ಇಷ್ಟು ವರ್ಷ ಬಾಗಿಲು ಹಾಕ್ಕಂಡು ತಿಂತಿದ್ದದ್ದು ಇದನ್ನೇನ್ರೀ? ನಾವು ಬೆಲ್ಲ ಅಂದ್ಕಂಡಿದ್ವಿ."

ಅತ್ತೆಯ ವಾರೆ ಬಾಯಿ ಇನ್ನಷ್ಟು ವಾರೆಯಾಯಿತು. ನಗುತ್ತಿದ್ದರು.