ಅತ್ತೆ ಕಾರು ತಗ್ಗಿಸಿದ ವರ್ಷ

ದ್ರಾಕ್ಷಿ ಕೊಯ್ಲಿನ ತಿಂಗಳುಗಳಲ್ಲಿ ನಮ್ಮ ಅತ್ತೆಯ ಉಗುರುಗಳೆಲ್ಲ ನೇರಳೆ ಬಣ್ಣಕ್ಕೆ ತಿರುಗುತ್ತಿದ್ದವು. ಅಂಗೈಯ ಗೆರೆಗಳಲ್ಲಿ ಮಾತ್ರ ವರ್ಷವಿಡೀ ಗ್ರೀಸಿನ ಕಪ್ಪು. ಆ ಅಂಗೈಯನ್ನು ಕಂಡ ಕಂಡ ಕಾರಿನ ಮೂಲೆಗೆ ಊರಿ, ಮೈಭಾರವನ್ನೆಲ್ಲ ಹಾಕಿ ಒಮ್ಮೆ ಒತ್ತಿ, ಬಿಟ್ಟುಬಿಡುವಳು. ಕಾರು ಮೇಲೆದ್ದು ಸುಮ್ಮನಾದರೆ "ಪರವಾಗಿಲ್ಲ" ಅನ್ನುವಳು. ಎದ್ದು, ಇಳಿದು, ಮತ್ತೆ ಎದ್ದರೆ "ಶಾಕ್ ಹೋಗಿದೆ, ಪಾಪ" ಅನ್ನುವಳು. ಮದುವೆಗೆ ಹೋದರೂ ಅಷ್ಟೆ. ರೇಷ್ಮೆ ಸೀರೆ ಉಟ್ಟುಕೊಂಡೇ ಛತ್ರದ ಹೊರಗೆ ನಿಂತ ಕಾರುಗಳನ್ನೆಲ್ಲ ಹೀಗೆ ವಿಚಾರಿಸಿಕೊಂಡು ಆಮೇಲೆ ಒಳಗೆ ಕಾಲಿಡುತ್ತಿದ್ದಳು. ಒಮ್ಮೆ ಗಂಡಿನ ಕಡೆಯ ಡ್ರೈವರು ಕಾರಿನೊಳಗೆ ನಿದ್ದೆಹೋಗಿದ್ದವನು ಗಾಬರಿಯಿಂದ ಎದ್ದು ಜಗಳಕ್ಕೇ ನಿಂತದ್ದನ್ನು ನಾನು ನೋಡಿದ್ದೇನೆ. ಅಥವಾ ಮಾವ ಹೇಳಿದ್ದನ್ನು ಕೇಳಿ ಕೇಳಿ ನೋಡಿದ್ದೇನೆ ಅಂದುಕೊಂಡಿದ್ದೇನೆ. ವಿಶ್ವವಿದ್ಯಾಲಯದಲ್ಲಿ ಏನನ್ನೂ ಸುಮ್ಮನೆ ನಂಬಬಾರದೆಂದು ಕಲಿತವನಿಗೆ ತನ್ನ ನೆನಪನ್ನು ನಂಬುವುದೂ ಕಷ್ಟವೇ.

ಅತ್ತೆ ನನ್ನ ತಂದೆಯ ತಂಗಿ. ದೇವನಹಳ್ಳಿಯ ಹೊರಗೆ ಅವರದು ದ್ರಾಕ್ಷಿ ತೋಟ. ಮಾವ ದಿನಾ ಬಸ್ಸು ಹತ್ತಿ ಬೆಂಗಳೂರಿನ ಕಚೇರಿಗೆ ಹೋಗುವವರು. ತೋಟವೂ ಅವಳದೇ, ಎಂಟುನೂರು ಸಿ.ಸಿ.ಯ ಸಣ್ಣ ಬಿಳಿ ಕಾರೂ ಅವಳದೇ. ವಾರದಲ್ಲಿ ಆರು ದಿನ ಅದರ ಹಿಂದಿನ ಸೀಟಿನಲ್ಲಿ ದ್ರಾಕ್ಷಿ ಪೆಟ್ಟಿಗೆಗಳು ಕೂರುತ್ತಿದ್ದವು. ಏಳನೆಯ ದಿನ ಅದು ಅವಳ ಕುದುರೆ.

ತೊಂಬತ್ತರ ದಶಕದ ಆರಂಭ. ಸಂಕ್ರಾಂತಿ ಕಳೆದ ಮೇಲೆ ಹೊಸಕೋಟೆ ಕಡೆಯ ಒಂದು ಒಣಗಿದ ಕೆರೆಯಂಗಳದಲ್ಲಿ ಕಾರು ಪಂದ್ಯ ನಡೆಯುತ್ತಿತ್ತು. ಡ್ರಮ್ಮುಗಳನ್ನು ನೆಟ್ಟು ಅಂಕುಡೊಂಕು ದಾರಿ ಮಾಡಿ, ಒಂದೊಂದೇ ಕಾರನ್ನು ಬಿಟ್ಟು ಗಡಿಯಾರ ಹಿಡಿಯುವರು. ಹಿಂದಿನ ವರ್ಷ ಅತ್ತೆ ಮಹಿಳೆಯರ ವಿಭಾಗದಲ್ಲಿ ಕಪ್ ಗೆದ್ದಿದ್ದಳು. ಅದನ್ನು ತಂದು ಅಡುಗೆಮನೆಯಲ್ಲಿ ಉಪ್ಪು ಹಾಕಿಡಲು ಬಳಸಿಕೊಂಡಳು. ಅವಳ ಸಿಟ್ಟು ಇಷ್ಟೆ: ಹೆಂಗಸರಿಗೆ ದಾರಿಯನ್ನೇ ಗಿಡ್ಡ ಮಾಡಿದ್ದರು. ಕಷ್ಟದ ತಿರುವುಗಳ ಡ್ರಮ್ಮು ಎತ್ತಿಟ್ಟು, ಅರ್ಧ ಕೆರೆ ಸುತ್ತಿಸಿ ಚಪ್ಪಾಳೆ ತಟ್ಟಿ ಕಳಿಸಿದ್ದರು. ಗಂಡಸರ ಜೊತೆ ತನ್ನ ಸಮಯವನ್ನು ಹೋಲಿಸಿ ನೋಡುವ ದಾರಿಯೇ ಇರಲಿಲ್ಲ. ಎಲ್ಲರ ಜೊತೆ ಓಡಿಸುತ್ತೇನೆ ಅಂದದ್ದಕ್ಕೆ ವ್ಯವಸ್ಥಾಪಕರು, "ಲೇಡೀಸ್‌ಗೆ ಬೇರೆ ಕ್ಲಾಸೇ ಇದೆಯಲ್ಲಮ್ಮಾ" ಎಂದು ನಕ್ಕಿದ್ದರಂತೆ.

"ಗೆಲ್ಲದಿದ್ರೆ ಕತ್ತೆ ಬಾಲ," ಅಂದಳು ಅತ್ತೆ. "ನನ್ನ ಟೈಮು ಅವರ ಪಟ್ಟಿಯೊಳಗೆ ಬರ್ಬೇಕು. ಕೊನೇಲಿ ಬಂದ್ರೂ ಸರಿ."

ಅದಕ್ಕೆ ಮೊದಲು ಕಾರು ತಗ್ಗಬೇಕಿತ್ತು. ತಿರುವಿನಲ್ಲಿ ಅದು ಒಂದು ಪಕ್ಕಕ್ಕೆ ವಾಲಿ ಒಳಬದಿಯ ಹಿಂಚಕ್ರ ಗಾಳಿಯಲ್ಲಿ ತಿರುಗುತ್ತಿತ್ತು. ಸ್ಪ್ರಿಂಗು ಗಿಡ್ಡ ಮಾಡಿದರೆ ಕಾರು ನೆಲಕ್ಕೆ ಹತ್ತಿರವಾಗುತ್ತದೆ, ವಾಲುವುದು ಕಡಿಮೆಯಾಗುತ್ತದೆ. ಇರುವ ಸ್ಪ್ರಿಂಗನ್ನೇ ಒಂದು ಸುತ್ತು ಕತ್ತರಿಸಿಬಿಡೋಣ ಎಂದೆ ನಾನು. ಸುತ್ತು ಕಡಿಮೆಯಾದಷ್ಟೂ ಸ್ಪ್ರಿಂಗು ಗಡುಸಾಗುತ್ತದೆ ಎಂದು ಕಾಗದದ ಮೇಲೆ ತೋರಿಸಿದೆ. ಲೆಕ್ಕ ಅವಳಿಗೆ ಬಹಳ ಹಿಡಿಸಿತು. ಆದರೆ ಕತ್ತರಿಸಿದ ತುದಿ ತನ್ನ ಬಟ್ಟಲಲ್ಲಿ ಸರಿಯಾಗಿ ಕೂರದು, ಕಾರು ಗುಂಡಿಗೆ ಹಾರಿದರೆ ಜಾಗ ಬಿಟ್ಟು ಹೊರಗೆ ಬಂದೀತು ಎಂಬುದು ಅವಳ ಹೆದರಿಕೆ. ನನ್ನ ಲೆಕ್ಕವನ್ನೂ ಅವಳ ಹೆದರಿಕೆಯನ್ನೂ ಒಟ್ಟಿಗೆ ಹೊತ್ತು ಹೊಸಕೋಟೆಯಲ್ಲಿ ಯಂತ್ರಗಳಿಗೆ ಸ್ಪ್ರಿಂಗು ಸುತ್ತಿಕೊಡುವ ಸಾಬರ ಹತ್ತಿರ ಹೋದೆವು. ಸ್ವಲ್ಪ ದಪ್ಪ ತಂತಿ, ಗಿಡ್ಡ ಎತ್ತರ, ಎರಡೂ ತುದಿ ಚಪ್ಪಟೆ. ಎಷ್ಟು ತಗ್ಗಿಸೋಣ ಎಂಬಲ್ಲಿ ಮಾತ್ರ ಜಗಳ. ಸಾಬರು ಒಂದೂವರೆ ಇಂಚು ಸಾಕು ಅಂದರು. ಅತ್ತೆ ಎರಡೂವರೆ ಅಂದಳು.

"ಅಮ್ಮಾ, ನಿಮ್ ಕಡೆ ರೋಡು ನಂಗೂ ಗೊತ್ತು," ಅಂದರು ಸಾಬರು. "ಕಾರ್ ಹೊಟ್ಟೆ ಕೆರ್ಕೊಂಡು ವಾಪಸ್ ಬರ್ತೀರಾ."

ಅತ್ತೆ ಎರಡೂವರೆಗೇ ನಿಂತಳು. ಶಾಕ್ ಅಬ್ಸಾರ್ಬರುಗಳನ್ನೂ ಅಲ್ಲೇ ಬಿಚ್ಚಿಸಿ ಒಳಗೆ ಮಂದವಾದ ಎಣ್ಣೆ ತುಂಬಿಸಿದಳು. ಸ್ಪ್ರಿಂಗು ಗಡುಸಾಗಿ ಶಾಕ್ ಮೆದುವಾಗಿದ್ದರೆ ಕಾರು ಕಪ್ಪೆಯ ಹಾಗೆ ಕುಪ್ಪಳಿಸುತ್ತದಂತೆ. ಒಂದೊಂದನ್ನೂ ಎದೆಗೆ ಒತ್ತಿಕೊಂಡು ಎಳೆದು ದೂಡಿ ನೋಡಿದಳು. ನಾಲ್ಕರಲ್ಲಿ ಒಂದು ಸುಲಭವಾಗಿ ಒಳಗೆ ಸರಿಯಿತೆಂದು ಮತ್ತೆ ತುಂಬಲು ವಾಪಸು ಕೊಟ್ಟಳು.

ಜೋಡಿಸಿದ್ದು ತೋಟದ ಪೆಟ್ಟಿಗೆ ಕಟ್ಟುವ ಶೆಡ್ಡಿನಲ್ಲಿ, ಒಂದು ಭಾನುವಾರ. ಮುಂದಿನ ಸ್ಪ್ರಿಂಗುಗಳನ್ನು ಕೊಕ್ಕೆ ಹಾಕಿ ಹಿಂಡಿ ಕಟ್ಟಬೇಕು. ಈ ಕೊಕ್ಕೆ ಒಂದು ತಿರುವು, ಆ ಕೊಕ್ಕೆ ಒಂದು ತಿರುವು. ಒಂದು ಕಡೆ ಜಾಸ್ತಿಯಾದರೆ ಸ್ಪ್ರಿಂಗು ಬಾಣದ ಹಾಗೆ ಹಾರುತ್ತದೆ. "ಮುಖ ಆ ಕಡೆ ಇಡೋ, ಇನ್ನೂ ಮದುವೆ ಆಗ್ಬೇಕು ನಿಂಗೆ" ಅನ್ನುತ್ತಾ ತನ್ನ ಮುಖವನ್ನು ಮಾತ್ರ ಅಲ್ಲೇ ಇಟ್ಟುಕೊಂಡಿದ್ದಳು. ಕಾರು ಜಾಕಿನ ಮೇಲಿರುವಾಗಲೇ ನಾನು ಕೆಳಗಿನ ಬೋಲ್ಟುಗಳನ್ನು ಬಿಗಿ ಮಾಡಲು ಹೋದರೆ ಕೈ ಹಿಡಿದು ನಿಲ್ಲಿಸಿದಳು.

"ತಾಳು. ಮೊದ್ಲು ಕಾರು ನೆಲದ ಮೇಲೆ ನಿಂತ್ಕೊಳ್ಲಿ. ಅದರ ಭಾರ ಅದು ಹೊತ್ಮೇಲೆ ಬಿಗಿ ಮಾಡು. ಇಲ್ದಿದ್ರೆ ಬೋಲ್ಟಿನ ಸುತ್ತ ಇರೋ ರಬ್ಬರ್ ಬುಷ್ಷು ತಿರುಚಿಕೊಂಡೇ ಇರುತ್ತೆ, ಬೇಗ ಸಾಯುತ್ತೆ."

ಜಾಕು ಇಳಿಸಿದೆವು. ಕಾರು ಇಳಿಯಿತು, ಇನ್ನೂ ಇಳಿಯಿತು, ಬೇಟೆಗೆ ಕೂತ ಬೆಕ್ಕಿನಂತೆ ನಿಂತಿತು. ಮಾವ ಕಾಫಿ ಲೋಟ ಹಿಡಿದು ಬಂದವರು ಟೈರು ಪಂಕ್ಚರಾಗಿದೆಯಾ ಎಂದು ಕೇಳಿದರು. ಅತ್ತೆ ಮೂಲೆಗೆ ಅಂಗೈ ಊರಿ ಒತ್ತಿದಳು. ಎದ್ದಿತು. ನಿಂತಿತು. ಅಷ್ಟೆ.

ಹಿಂದಿನ ಸೀಟಿನಲ್ಲಿ ಖಾಲಿ ಪೆಟ್ಟಿಗೆ ಇಟ್ಟುಕೊಂಡು ಹೊರಟೆವು. ಕೆರೆ ಏರಿಯ ತಿರುವಿನಲ್ಲಿ ಅದು ಯಾವಾಗಲೂ ಈ ಬಾಗಿಲಿನಿಂದ ಆ ಬಾಗಿಲಿಗೆ ಜಾರಿ ಢಬ್ಬೆನ್ನುತ್ತಿತ್ತು. ಆ ಸಲ ಸದ್ದೇ ಇಲ್ಲ. ನಾನು ತಿರುಗಿ ನೋಡಿದೆ. ಪೆಟ್ಟಿಗೆ ಕೂತಲ್ಲೇ ಕೂತಿತ್ತು. ಅತ್ತೆ ಅದೇ ತಿರುವನ್ನು ಮತ್ತೆ ಮತ್ತೆ ಹಾಯ್ದಳು. ಇಬ್ಬರೂ ಹುಚ್ಚರ ಹಾಗೆ ನಗುತ್ತಿದ್ದೆವು. ಈ ಒಂದು ನೆನಪನ್ನು ಯಾರು ಬಂದು ಅಲ್ಲಗಳೆದರೂ ನಾನು ಕೇಳುವುದಿಲ್ಲ.

ಪಂದ್ಯದ ದಿನ ಸೂಲಿಬೆಲೆ ಮೇಲೆ ಹೊಸಕೋಟೆಗೆ ಹೊರಟೆವು. ಅತ್ತೆಯ ಹೆಸರು ಈ ಸಲವೂ ಮಹಿಳೆಯರ ವಿಭಾಗದಲ್ಲೇ ಇತ್ತು; ಅದು ಮೊದಲು, ಹತ್ತು ಗಂಟೆಗೆ. ಅತ್ತೆ ಮಾವನ ಪ್ಯಾಂಟು ಶರ್ಟು ಹಾಕಿಕೊಂಡಿದ್ದಳು. ಸುಗ್ಗಿಯ ಕಾಲದಲ್ಲಿ ನಮ್ಮ ಕಡೆ ಟಾರು ರಸ್ತೆಯೇ ಕಣ. ಹುರುಳಿ ಬಳ್ಳಿ ಹರಡಿಟ್ಟರೆ ಬಸ್ಸು ಲಾರಿಗಳೇ ತುಳಿದು ಕಾಳು ಬಿಡಿಸಿಕೊಡುತ್ತವೆ. ಅಷ್ಟು ವರ್ಷ ಅದರ ಮೇಲೇ ಓಡಾಡಿದ್ದ ನಮಗಿಬ್ಬರಿಗೂ ಅದು ನೆನಪಾಗಲಿಲ್ಲ. ಒಂದು ಹಳ್ಳಿ ದಾಟುತ್ತಲೇ ಕಾರಿನ ಹೊಟ್ಟೆ ದಪ್ಪ ಹುರುಳಿ ಹಾಸಿಗೆಯನ್ನು ಬಾಚಿಕೊಂಡು, ಮುಂದೆ ಗುಡ್ಡೆ ಮಾಡಿ, ಅದರ ಮೇಲೇ ಹತ್ತಿ ಕೂತುಬಿಟ್ಟಿತು. ಕೆಳಗಿನಿಂದ ಸಣ್ಣಗೆ ಹೊಗೆ. ಬಿಸಿ ಸೈಲೆನ್ಸರಿಗೆ ಒಣ ಬಳ್ಳಿ ಸುತ್ತಿಕೊಂಡಿತ್ತು. ಅತ್ತೆ ಇಂಜಿನು ಆರಿಸಿ ಹೊರಗೆ ಹಾರಿದಳು. ನಾನು ಕ್ಯಾನಿನ ನೀರು ಸುರಿದೆ. ಹುರುಳಿ ಕಾಯುತ್ತಿದ್ದ ಹೆಂಗಸು ಸೊಂಟಕ್ಕೆ ಸೆರಗು ಸಿಕ್ಕಿಸಿಕೊಂಡು ಬಂದಳು.

"ಏನವ್ವಾ, ಇದು ಕಾರೋ ಕುಂಟೆಯೋ?"

"ಎರಡೂ ಕಣಕ್ಕಾ," ಅಂದಳು ರಸ್ತೆಯ ಮೇಲೆ ಮಲಗಿ ಬಳ್ಳಿ ಕೀಳುತ್ತಿದ್ದ ಅತ್ತೆ.

ಬಳ್ಳಿ ಬಿಡಿಸಿಯಾಯಿತು. ಕೆದರಿದ್ದು ನೀನೇ, ತುಳಿದು ಕೊಟ್ಟೇ ಹೋಗು ಎಂದು ಆ ಹೆಂಗಸು ಹಟ ಹಿಡಿದಳು. ಬಳ್ಳಿಯನ್ನು ತೆಳ್ಳಗೆ ಹರಡಿದರು, ಅತ್ತೆ ಅದರ ಮೇಲೆ ಕಾರನ್ನು ಹಿಂದೆ ಮುಂದೆ ಓಡಿಸಿದಳು. ಜಾರುವ ಕಾಳಿನ ಮೇಲೆ ಸ್ಟಿಯರಿಂಗನ್ನು ಅತ್ತ ಇತ್ತ ತಿರುಗಿಸಿ, ಮೂತಿ ಎಲ್ಲಿ ಜಾರುತ್ತದೆ, ಎಲ್ಲಿ ಹಿಡಿಯುತ್ತದೆ ನೋಡಿದಳು. ನಾನು ಗಡಿಯಾರ ತೋರಿಸಿದೆ. ಅವಳೂ ಗಡಿಯಾರ ನೋಡಿದಳು. "ಇನ್ನೊಂದು ಸುತ್ತು," ಅಂದಳು. ಆಗ ಅವಳ ತುಟಿಯ ಮೇಲೆ ನಗೆಯೊಂದಿತ್ತು. ಇತ್ತೇ? ಆಮೇಲೆ ನಡೆದದ್ದನ್ನು ನೋಡಿ ನಾನೇ ಅಲ್ಲಿ ಅಂಟಿಸಿದೆನೇ? ಹೇಳಲಾರೆ.

ಕೆರೆಯಂಗಳ ಮುಟ್ಟಿದಾಗ ಮಹಿಳೆಯರ ವಿಭಾಗ ಮುಗಿದಿತ್ತು. ಡ್ರಮ್ಮುಗಳನ್ನು ಉದ್ದದ ದಾರಿಗೆ ಸರಿಸಿಯಾಗಿತ್ತು. ಮುಂದಿನ ವರ್ಷ ಬನ್ನಿ ಅಂದರು ವ್ಯವಸ್ಥಾಪಕರು.

"ಪ್ರವೇಶ ಕೊಟ್ಟಿದ್ದೀರಿ," ಅಂದಳು ಅತ್ತೆ. "ಕಾರು ಇಲ್ಲೇ ಇದೆ, ಕೆರೇನೂ ಇಲ್ಲೇ ಇದೆ. ಯಾವ ದಾರಿ ಇದೆಯೋ ಅದರಲ್ಲೇ ಬಿಡಿ."

ಸುತ್ತ ನಿಂತ ಹುಡುಗರಿಗೆ ಮಜಾ ಬಂತು. ಕಾರಿನ ಕೆಳಗೆ ಇನ್ನೂ ಜೋತಾಡುತ್ತಿದ್ದ ಬಳ್ಳಿ ನೋಡಿ ಒಬ್ಬ, "ಮೇವು ತಂದಿದ್ದೀರ, ಎತ್ತು ಎಲ್ಲಮ್ಮಾ?" ಅಂದ. ಆಮೇಲೆ ಅವನೇ ಬಿಡಿ ಸಾರ್ ಬಿಡಿ ಎಂದು ಕೂಗಲು ಶುರುಮಾಡಿದ. ಮತ್ತೆ ಡ್ರಮ್ಮು ಸರಿಸುವ ಚೈತನ್ಯ ಯಾರಿಗೂ ಇರಲಿಲ್ಲ. ಬಿಟ್ಟರು.

ಬಾವುಟ ಬಿತ್ತು. ಕೆಂಪು ಧೂಳಿನಲ್ಲಿ ಬಿಳಿ ಕಾರು ಕಾಣುತ್ತಾ ಮರೆಯಾಗುತ್ತಾ, ಡ್ರಮ್ಮಿನ ಮಗ್ಗುಲನ್ನು ಸವರಿಕೊಂಡು ತಿರುಗುತ್ತಿತ್ತು. ನಾನು ಬಗ್ಗಿ ನಿಂತು ಒಳಬದಿಯ ಹಿಂಚಕ್ರವನ್ನೇ ನೋಡುತ್ತಿದ್ದೆ. ಏಳಲಿಲ್ಲ. ಕೊನೆಯ ತಿರುವಿನಲ್ಲೂ ಏಳಲಿಲ್ಲ. ನನ್ನ ಗಂಟಲು ಕಟ್ಟಿಹೋಗುವಷ್ಟು ಕೂಗಿದ್ದೆ. ಅವಳು ಎರಡನೆಯವಳಾಗಿ ಬಂದಳೆಂದು ನನ್ನ ನೆನಪು. ನಾಲ್ಕನೆಯವಳು ಎಂದು, ಬಸ್ಸಿನಲ್ಲಿ ಬಂದು ನಮಗಿಂತ ಮೊದಲೇ ಅಲ್ಲಿ ಕಾದಿದ್ದ ಮಾವ. ಮೈಕಿನಲ್ಲಿ ಎಲ್ಲರ ಸಮಯದ ನಡುವೆ ಅವಳ ಸಮಯವನ್ನೂ ಓದಿದರು ಎಂಬುದರಲ್ಲಿ ನಮ್ಮಿಬ್ಬರಿಗೂ ಭಿನ್ನಾಭಿಪ್ರಾಯವಿಲ್ಲ. ಅತ್ತೆ ಮೇಜಿನ ಹತ್ತಿರ ಹೋಗಿ, "ಇನ್ನೊಂದ್ಸಲ ಓದಿ, ಸರಿಯಾಗಿ ಕೇಳಿಸ್ಲಿಲ್ಲ" ಅಂದಳು. ಚೆನ್ನಾಗಿಯೇ ಕೇಳಿಸಿತ್ತು.

ವರ್ಷಗಳಾದ ಮೇಲೆ, ಅವಳು ಹಾಸಿಗೆ ಹಿಡಿದಿದ್ದಾಗ, ಅವತ್ತು ಬೇಕೆಂದೇ ತಡ ಮಾಡಿದೆಯಾ ಎಂದು ಕೇಳಿದೆ.

"ಹುರುಳಿ ಎಷ್ಟು ಚೆನ್ನಾಗಿ ಬಿಟ್ಕೊಳ್ತು, ನೋಡ್ಲಿಲ್ವಾ ನೀನು?" ಅಂದಳು.

ಅದಾಗಿ ಒಂದು ತಿಂಗಳು ಇದ್ದಳೇನೋ. ಕಾರು ಎಂದೋ ಕೈಬದಲಾಗಿತ್ತು. ಕೊಂಡವರು ಹಳೆಯ ಸ್ಪ್ರಿಂಗುಗಳನ್ನೇ ಹಾಕಿಸಿಕೊಂಡಿದ್ದರು. ಸಾಬರು ಸುತ್ತಿಕೊಟ್ಟ ಸ್ಪ್ರಿಂಗೊಂದು ಅವಳ ಅಡುಗೆಮನೆಯ ಬಾಗಿಲಿಗೆ ಒತ್ತಾಗಿತ್ತು. ತಿಥಿ ಮುಗಿದ ದಿನ ಮಾವನನ್ನು ಕೇಳಿ ತಂದುಕೊಂಡೆ. ಈಗ ನನ್ನ ಓದುವ ಕೋಣೆಯ ಬಾಗಿಲನ್ನು ಹಿಡಿದು ನಿಂತಿದೆ. ಯಾರಾದರೂ ಒಂದು ಮಾತನ್ನು ತೀರಾ ಖಚಿತವಾಗಿ ಹೇಳಿದಾಗ ಅದರ ಮೂಲೆ ಒತ್ತಿ, ಬಿಟ್ಟು, ಎಷ್ಟು ಸಲ ಕುಣಿಯುತ್ತದೆ ಎಂದು ನೋಡುವ ಅಭ್ಯಾಸ ನನಗೆ ತರಗತಿಗಳಿಂದ ಬಂದದ್ದಲ್ಲ, ಅವಳಿಂದ ಬಂದದ್ದು. ಹುರುಳಿ ತುಳಿಸಿದ ದಿನದ ಆ ನಗೆಯ ಮೇಲೂ ಹಾಗೆ ಒತ್ತಿ ನೋಡುತ್ತಲೇ ಇದ್ದೇನೆ. ಒಮ್ಮೊಮ್ಮೆ ಬರೆಯುವುದು ಬಿಟ್ಟು ಎದ್ದು, ಆ ಸ್ಪ್ರಿಂಗಿನ ತಲೆಗೆ ಅಂಗೈ ಊರಿ, ಮೈಭಾರವನ್ನೆಲ್ಲ ಹಾಕುತ್ತೇನೆ. ಒಂದು ಕೂದಲೆಳೆಯಷ್ಟೂ ತಗ್ಗುವುದಿಲ್ಲ.