ಎತ್ತಿದ ಮುಷ್ಟಿ ಯಾರದು

ಜಗಳೂರಿನ ಆ ಫೈನಲ್ ಆಡಿದಾಗ ನನಗೆ ಮೂವತ್ತೇಳು ವರ್ಷ. ಬಾಸ್ಕೆಟ್‌ಬಾಲನ್ನೇ ನಂಬಿ ಹೊಟ್ಟೆ ಹೊರೆಯಲು ಶುರುಮಾಡಿ ಆಗಲೇ ಹದಿನಾರು ವರ್ಷವಾಗಿತ್ತು. ಹುದ್ದೆ ಏನೆಂದು ಕೇಳಿದರೆ ಗೆಸ್ಟ್ ಪ್ಲೇಯರ್. ಅಂದರೆ, ಕರೆಸಿಕೊಂಡ ತಂಡದ ಜೆರ್ಸಿ ತೊಟ್ಟು ಒಂದು ಟೂರ್ನಮೆಂಟ್ ಆಡಿ, ಮುಗಿದ ಮೇಲೆ ಬ್ಯಾಗು ಹೆಗಲಿಗೇರಿಸಿ ಹೊರಡುವವನು. ಹೀಗೆ ಹನ್ನೊಂದು ತಂಡಗಳಿಗೆ ಆಡಿದ್ದೆ. ಒಂದು ಇಲಾಖೆಯ ತಂಡದಲ್ಲಿ ಕರಾರಿನ ಮೇಲೆ ನಾಲ್ಕು ವರ್ಷ ಇದ್ದದ್ದೇ ದೊಡ್ಡ ಅವಧಿ, ಉಳಿದದ್ದೆಲ್ಲ ಬಂದ ಪುಟ್ಟ ಹೋದ ಪುಟ್ಟ. ನಮ್ಮೂರಿನ ಕಥೆಯೂ ಅಷ್ಟೇ. ನಾನು ಹುಟ್ಟಿದಾಗ ಅದು ಹೊನ್ನಾಳಿ ತಾಲ್ಲೂಕಿನಲ್ಲಿತ್ತು, ಈಗ ನ್ಯಾಮತಿಗೆ ಸೇರಿದೆ. ಊರು ಕೂತಲ್ಲೇ ತಂಡ ಬದಲಿಸಿತು, ನಾನು ಅಲೆದಾಡಿ ಬದಲಿಸಿದೆ.

ಆ ವರ್ಷ ನನ್ನನ್ನು ಕರೆದದ್ದು ಚನ್ನಗಿರಿಯ ಒಂದು ಕ್ಲಬ್ಬು. ಅದರ ಅಧ್ಯಕ್ಷ ಹಾಲಪ್ಪನವರು ಅಡಿಕೆ ವ್ಯಾಪಾರಿ. ಊರಿನ ಒಂದು ಶಾಲೆಯ ಆಡಳಿತ ಮಂಡಳಿಯಲ್ಲೂ ಇದ್ದರು. ಆ ಶಾಲೆಗೆ ಕಾಯಂ ಕೋಚ್ ಒಬ್ಬರು ಬೇಕಾಗಿತ್ತು. "ಟೂರ್ನಮೆಂಟ್ ಮುಗೀಲಿ ಮಂಜುನಾಥ್, ಆರ್ಡರ್ ಕೈಗೆ ಕೊಡ್ತೀವಿ" ಎಂದಿದ್ದರು. ಬಲ ಮಂಡಿ ಸವೆದುಹೋಗಿತ್ತು. ನನ್ನ ಹೆಂಡತಿ ಶೈಲಾ ತ್ಯಾವಣಿಗೆಯ ತವರುಮನೆಯ ಪಕ್ಕದಲ್ಲೇ ಹೊಲಿಗೆ ಅಂಗಡಿ ಇಟ್ಟುಕೊಂಡು, ನಾನು ಎಲ್ಲಾದರೂ ಒಂದು ಕಡೆ ನೆಲೆ ನಿಲ್ಲುವುದನ್ನೇ ಕಾಯುತ್ತಿದ್ದಳು. ಮುಗಿಯುವ ತಾರೀಖಿಲ್ಲದ ಕೆಲಸ ನನ್ನ ಜೀವನದಲ್ಲಿ ಅದೇ ಮೊದಲು. ಆಸೆ ಇರಲಿಲ್ಲ ಎಂದರೆ ಸುಳ್ಳಾದೀತು.

ಫೈನಲ್ಲಿನಲ್ಲಿ ಎದುರಾದದ್ದು ಹೊನ್ನಾಳಿ ತಂಡ. ಅದಕ್ಕೆ ಗೆಸ್ಟ್ ಆಗಿ ಬಂದಿದ್ದವನು ನ್ಯಾಮತಿಯ ರುದ್ರೇಶ. ಇಲಾಖೆಯ ತಂಡದಲ್ಲಿ ನಾಲ್ಕು ವರ್ಷ ಒಂದೇ ರೂಮಿನಲ್ಲಿದ್ದವರು ನಾವು. ನಾನು ಪಾಯಿಂಟ್ ಗಾರ್ಡ್, ಅಂದರೆ ಬಾಲನ್ನು ಮುಂದಕ್ಕೆ ತಂದು ಯಾವ ಆಟ ಆಡಬೇಕೆಂದು ಸನ್ನೆ ಮಾಡುವವನು. ನಮ್ಮಿಬ್ಬರದೇ ಒಂದು ಆಟವಿತ್ತು. ನಾನು ಎಡ ಮುಷ್ಟಿ ಎತ್ತಿದರೆ ಅವನು ನನ್ನ ಕಡೆಗೆ ಬರುವಂತೆ ನಟಿಸಿ, ಗಕ್ಕನೆ ತಿರುಗಿ ರಿಂಗಿನ ಕೆಳಗೆ ಓಡಬೇಕು. ನಾನು ಅತ್ತ ನೋಡದೆ ಬಾಲ್ ಎಸೆಯಬೇಕು. ನೋಡಿದರೆ ಎದುರಾಳಿಗೆ ಗುಟ್ಟು ಬಿಟ್ಟುಕೊಟ್ಟ ಹಾಗೆ. ಆ ನಾಲ್ಕು ವರ್ಷದಲ್ಲಿ ಎಸೆದ ಬಾಲಿಗೆ ಅವನು ಸಿಗದೇ ಹೋದದ್ದು ನನಗೆ ನೆನಪಿಲ್ಲ.

ಪಂದ್ಯದ ಕೊನೆಗೆ ನಾವು 61, ಹೊನ್ನಾಳಿ 60. ಉಳಿದದ್ದು ಒಂಬತ್ತು ಸೆಕೆಂಡು. ಅವರು ಆಗಷ್ಟೇ ಬಾಸ್ಕೆಟ್ ಹಾಕಿದ್ದರಿಂದ ಬಾಲ್ ನಮ್ಮದು, ಅದೂ ಅವರು ಗುರಿಯಿಟ್ಟಿದ್ದ ರಿಂಗಿನ ಹತ್ತಿರವೇ. ಹೊರಗಿನಿಂದ ನಮ್ಮವನೊಬ್ಬ ನನ್ನ ಕೈಗೆ ಬಾಲ್ ಹಾಕಿದ. ನಾನು ಮಾಡಬೇಕಾಗಿದ್ದದ್ದು ಇಷ್ಟೇ: ಬಾಲನ್ನು ಪುಟಿಸುತ್ತ ಹೊತ್ತು ಕಳೆಯುವುದು. ಇಬ್ಬರು ಬಂದು ಮೈಮೇಲೆ ಬಿದ್ದರು. ಬೆವರು ಕಣ್ಣಿಗಿಳಿಯಿತು. ಆಗ ರುದ್ರೇಶ ಮುಷ್ಟಿ ಎತ್ತಿದ್ದು ಕಂಡಿತು. ಮರುಕ್ಷಣ ಬಾಲ್ ನನ್ನ ಕೈಯಲ್ಲಿರಲಿಲ್ಲ. ರಿಂಗಿನ ಕೆಳಗೆ ರುದ್ರೇಶ ಅದನ್ನು ಹಿಡಿದು, ಹೂವಿನ ಹಾಗೆ ಮೇಲಿಟ್ಟ. 62–61. ಸೀಟಿ ಮೊಳಗಿತು.

ನನಗೆ ಒಂದು ಗಳಿಗೆ ಖುಷಿಯಾಯಿತು. ನಾಚಿಕೆ ಬಿಟ್ಟು ಹೇಳುತ್ತಿದ್ದೇನೆ. ಪಾಸ್ ಅಷ್ಟು ಚೆನ್ನಾಗಿತ್ತು. ಚಪ್ಪಾಳೆ ಬರುವುದು ಆ ಕಡೆಯಿಂದ ಯಾಕೆ, ನಮ್ಮವರು ಯಾಕೆ ಹೀಗೆ ನೋಡುತ್ತಿದ್ದಾರೆ ಎಂದು ಸುತ್ತ ತಿರುಗಿದೆ. ಆಮೇಲೆ ಹೊಳೆಯಿತು, ಬಾಲ್ ಕೊಟ್ಟದ್ದು ಎದುರಾಳಿಗೆ. ನೆಟ್ಟಗೆ ರುದ್ರೇಶನ ಹತ್ತಿರ ಹೋದೆ.

"ಯಾಕೋ ಮುಷ್ಟಿ ಎತ್ತಿದೆ?"

"ನಾನೆಲ್ಲಿ ಎತ್ತಿದೆ ಅಣ್ಣ?" ಎಂದ. ಅವನ ಮುಖವೂ ಬಿಳಿಚಿತ್ತು. ಸುಳ್ಳು ಹೇಳಿ ಸಿಕ್ಕಿಬಿದ್ದವನ ಮುಖ ಎಂದು ನಾನು ಲೆಕ್ಕ ಹಾಕಿದೆ.

ಚನ್ನಗಿರಿಯವರೆಗೆ ಟೆಂಪೋದಲ್ಲಿ ಯಾರೂ ನನ್ನ ಜೊತೆ ಮಾತಾಡಲಿಲ್ಲ. ಬ್ಯಾಗು ಇಳಿಸಿಕೊಳ್ಳುವಾಗ ಹಿಂದಿನ ಸೀಟಿನಿಂದ ಒಬ್ಬ, "ಗೆಸ್ಟುಗಳಿಗೆ ಯಾವ ಊರಾದ್ರೇನು ಬಿಡ್ರಿ" ಎಂದ. ಮಾರಿಕೊಂಡ ಎಂದು ನೇರವಾಗಿ ಹೇಳಿದ್ದರೆ ಕಪಾಳಕ್ಕೆ ಹೊಡೆಯಬಹುದಿತ್ತು. ಇದಕ್ಕೆ ಏನು ಹೇಳಲಿ? ಹನ್ನೊಂದು ಊರಿನ ಜೆರ್ಸಿ ತೊಟ್ಟವನು ನಾನೇ ತಾನೆ.

ಎರಡು ದಿನ ಬಿಟ್ಟು ಹಾಲಪ್ಪನವರು ತಮ್ಮ ಅಡಿಕೆ ಮಂಡಿಗೆ ಕರೆಸಿದರು.

"ದುಡ್ಡು ತಗಂಡೀರಿ ಅಂತ ನಾನು ಅನ್ನಲ್ಲ. ಆದ್ರೆ ಊರು ಅಂತೈತೆ. ಮಕ್ಕಳ್ನ ನಿಮ್ಮ ಕೈಗೆ ಕೊಡಾಕೆ ನಾಲ್ಕು ಜನಕ್ಕೆ ಏನು ಹೇಳ್ಲಿ? ಆತ ಸನ್ನೆ ಮಾಡಿ ಮೋಸ ಮಾಡಿದ್ದು ನಿಜ ಆದ್ರೆ ಬರಕೊಡ್ರಿ. ನಿಮ್ಮ ಹೆಸರೂ ಉಳೀತದೆ, ಕೆಲಸನೂ ಉಳೀತದೆ."

ಎದುರಾಳಿಯನ್ನು ಸನ್ನೆಯಿಂದ ಮೋಸಗೊಳಿಸುವುದಕ್ಕೆ ಅನ್‌ಸ್ಪೋರ್ಟಿಂಗ್ ಎನ್ನುತ್ತಾರೆ. ಆಟಕ್ಕೆ ತಕ್ಕುದಲ್ಲದ ನಡತೆ ಅದು. ದೂರು ನಿಂತರೆ ರುದ್ರೇಶನನ್ನು ಎರಡು ವರ್ಷ ಹೊರಗಿಡುತ್ತೇವೆಂದು ಆಯೋಜಕರು ಹೇಳಿದ್ದರಂತೆ. ಅವನಿಗೆ ಮೂವತ್ತನಾಲ್ಕು. ಎರಡು ವರ್ಷ ಹೊರಗಿದ್ದರೆ ಅವನ ಆಟ ಮುಗಿದ ಹಾಗೆಯೇ. ಗೊತ್ತಿದ್ದೂ ಬರೆದೆ. "ರುದ್ರೇಶ ಮುಷ್ಟಿ ಎತ್ತಿದ್ದನ್ನು ಕಣ್ಣಾರೆ ಕಂಡಿದ್ದೇನೆ" ಎಂದು ಬರೆದು ಸಹಿ ಹಾಕಿದೆ. ಬರೆದದ್ದು ನಿಜವೆಂದೇ ನಂಬಿದ್ದೆ.

ಮನೆಗೆ ಬಂದು ಶೈಲಾಗೆ ಹೇಳಿದೆ. ಅವಳು ಹೊಲಿಗೆ ಯಂತ್ರ ನಿಲ್ಲಿಸಿದಳು.

"ನಾನು ಮೊಬೈಲ್‌ನಾಗೆ ತೆಗ್ದಿದ್ದು ನೋಡಿದ್ರಾ?"

ನನ್ನ ಕೊನೆಯ ಪಂದ್ಯ ಎಂದು ಅವಳು ಜಗಳೂರಿಗೆ ಬಂದಿದ್ದಳು. ಅವಳ ವಿಡಿಯೋ ನೋಡುವುದು ಶಿಕ್ಷೆ. ಬಾಲ್ ಎಲ್ಲಿಗೆ ಹೋದರೂ ಅವಳಿಗೆ ಬೇಕಿಲ್ಲ, ನನ್ನೊಬ್ಬನನ್ನೇ ಹಿಡಿಯುತ್ತಾಳೆ. ಸೋತ ಪಂದ್ಯ ನೋಡುವ ಮನಸ್ಸೂ ಇರಲಿಲ್ಲ. ಅವಳು ಹಟ ಮಾಡಿದಳೆಂದು ನೋಡಿದೆ. ಇಬ್ಬರು ನನ್ನ ಮೈಮೇಲೆ ಬೀಳುತ್ತಾರೆ. ಚೌಕಟ್ಟಿನ ಅಂಚಿನಲ್ಲಿ ರುದ್ರೇಶ, ಎರಡೂ ಕೈ ಮಂಡಿಯ ಮೇಲೆ ಊರಿಕೊಂಡು ಏದುಸಿರು ಬಿಡುತ್ತಿದ್ದಾನೆ. ನಾನು ಅವನತ್ತ ಒಮ್ಮೆ ನೋಡುತ್ತೇನೆ. ಆಮೇಲೆ ಒಂದು ಮುಷ್ಟಿ ಮೇಲೇಳುತ್ತದೆ.

ನನ್ನದು.

ಅದನ್ನು ಕಂಡ ಕೂಡಲೇ ರುದ್ರೇಶ ನನ್ನತ್ತ ಒಂದು ಹೆಜ್ಜೆ ಬಂದು, ಗಕ್ಕನೆ ತಿರುಗಿ ಓಡುತ್ತಾನೆ. ಏಳೆಂಟು ಸಲ ಹಿಂದೆ ಮುಂದೆ ಮಾಡಿ ನೋಡಿದೆ. ತಲೆ ಕೆಟ್ಟುಹೋಯಿತು. ನನ್ನ ಎಡಗೈ ಎದ್ದದ್ದು ನನಗೆ ಗೊತ್ತೇ ಇಲ್ಲ. ಗೊತ್ತಿದ್ದದ್ದು ಅವನ ಕೈ ಎದ್ದದ್ದು, ಅದು ಎದ್ದೇ ಇರಲಿಲ್ಲ. ಹಾಗಾದರೆ ನಾನು ಕಂಡದ್ದೇನು?

"ಇದು ಇರೋದು ಇದೊಂದೇ ಫೋನ್‌ನಾಗೆ" ಎಂದಳು ಶೈಲಾ. ಆಮೇಲೆ ಕೇಳಿದಳು, "ಅಳಿಸಿಬಿಡ್ಲಾ? ನೀವೇ ಹೇಳ್ರಿ."

ಬೇಡ ಎಂದು ತಕ್ಷಣ ಹೇಳಿದೆನೆಂದು ಬರೆದರೆ ಚೆನ್ನಾಗಿರುತ್ತದೆ. ಹೇಳಲಿಲ್ಲ. ಊಟ ಮಾಡಿದೆ, ಅಂಗಳದಲ್ಲಿ ಅಡ್ಡಾಡಿದೆ. ಅಳಿಸಿದರೆ ನಾನು ಕೋಚ್, ರುದ್ರೇಶ ಮೋಸಗಾರ. ಕೊನೆಗೆ ಫೋನು ಇಸಕೊಂಡು ಜೇಬಿಗಿಟ್ಟುಕೊಂಡೆ. ಅವಳು ಮತ್ತೆ ಯಂತ್ರ ತುಳಿಯತೊಡಗಿದಳು.

ಮರುದಿನ ಬೆಳಿಗ್ಗೆ ಹಾಲಪ್ಪನವರು ವಿಡಿಯೋವನ್ನು ಎರಡು ಸಲ ನೋಡಿದರು. "ಮುಷ್ಟಿ ಎತ್ತಿದ್ದು ನಾನು. ಕಾಗದ ವಾಪಸ್ ಕೊಡ್ರಿ" ಎಂದೆ.

"ಅಲ್ರೀ, ಆ ಹೊತ್ತಿನಾಗೆ ನೀವು ಯಾರ ಕಡೆ ಆಡ್ತಿದ್ರಿ?"

"ಗೊತ್ತಿಲ್ಲ ಸಾರ್."

ಅವರು ಕಾಗದವನ್ನು ಹರಿದು ಬುಟ್ಟಿಗೆ ಹಾಕಿದರು. ಬೈಯಲಿಲ್ಲ. "ನೀವು ಸುಳ್ಳುಗಾರ ಅಲ್ಲ ಅನ್ನೋದು ನಂಗೆ ತಿಳೀತು. ಆದ್ರೆ ಇದನ್ನ ಕಮಿಟಿಗೆ ಹೆಂಗೆ ತಿಳಿಸ್ಲಿ?" ಎಂದರು. ತಿಳಿಸಲು ಅವರಿಂದ ಆಗಲಿಲ್ಲ. ಆರ್ಡರ್ ಬೇರೊಬ್ಬರಿಗೆ ಹೋಯಿತು.

ಅಲ್ಲಿಂದ ಬಸ್ಸು ಹತ್ತಿ ನ್ಯಾಮತಿಗೆ ಹೋದೆ. ಬಸ್ ಸ್ಟ್ಯಾಂಡಿನ ಎದುರಿನ ಹೋಟೆಲಿನಲ್ಲಿ ರುದ್ರೇಶನನ್ನು ಕೂರಿಸಿಕೊಂಡು ದೂರು ಬರೆದದ್ದನ್ನು ಮೊದಲು ಹೇಳಿದೆ, ಆಮೇಲೆ ವಿಡಿಯೋ ತೋರಿಸಿದೆ. ಅವನು ಅದನ್ನು ಕೊನೆಯವರೆಗೆ ನೋಡಿ ಫೋನನ್ನು ಟೀ ಲೋಟದ ಪಕ್ಕ ಇಟ್ಟ.

"ನಾನೇ ತಪ್ಪು ಮಾಡೀನಿ ಅಂತ ಮೂರು ದಿನದಿಂದ ನಿದ್ದೆ ಮಾಡಿಲ್ಲ ಅಣ್ಣ" ಎಂದ. "ಹೊನ್ನಾಳಿಯೋರು ಹಾರ ಹಾಕಿದ್ರು. ನಾನು ಹೊನ್ನಾಳಿಗೆ ಎಲ್ಲಿ ಆಡಿದೆ? ನೀನು ಮುಷ್ಟಿ ಎತ್ತಿದಿ, ನಾನು ಓಡಿದೆ. ಬಾಲ್ ಒಳಗೆ ಬಿದ್ದ ಮ್ಯಾಲೆ ನಿನ್ನ ಜೆರ್ಸಿ ಬ್ಯಾರೆ ಬಣ್ಣ ಅಂತ ಕಾಣಿಸ್ತು."

ನನಗೆ ಅಳು ಬಂತು. ಹೋಟೆಲಿನವರು ನೋಡುತ್ತಾರೆಂದು ಮುಖ ಒರೆಸಿಕೊಂಡೆ. ಹನ್ನೊಂದು ತಂಡಗಳಿಗೆ ಆಡಿದೆ ಎಂದುಕೊಂಡಿದ್ದವನು ಹದಿನಾರು ವರ್ಷದಲ್ಲಿ ಆಡಿದ್ದು ಒಂದೇ ತಂಡಕ್ಕೆ. ಅದರಲ್ಲಿ ಇದ್ದವರು ಇಬ್ಬರೇ.

ಈಗ ಜಗಳೂರು ಕಡೆಯ ಒಂದು ಶಾಲೆಯಲ್ಲಿ ಕೋಚ್ ಆಗಿದ್ದೇನೆ. ವರ್ಷ ವರ್ಷದ ಕರಾರು. ಮಕ್ಕಳು ಜಗಳಾಡಿಕೊಂಡು ಬಂದು, ಅವನೇ ಮೊದಲು ಕೈ ಎತ್ತಿದ್ದು, ಕಣ್ಣಾರೆ ನೋಡಿದೆ ಸಾರ್ ಎಂದು ದೂರುತ್ತವೆ. ಆಗ ನಿನ್ನ ಕೈ ಎಲ್ಲಿತ್ತು ಎಂದು ಕೇಳುತ್ತೇನೆ. ಯಾವ ಮಗುವೂ ಇದುವರೆಗೆ ತಟ್ಟನೆ ಉತ್ತರ ಹೇಳಿಲ್ಲ.