ಪ್ರತಿ ಪೊಟ್ಟಣವನ್ನೂ ಬಿಚ್ಚಿ ನೋಡುತ್ತಿದ್ದವರು

ಹೋದ ವಾರ ನಾರಾಯಣಪೇಟೆಯಲ್ಲಿ ಮಿಕ್ಸಿ ರಿಪೇರಿಗೆ ಕೊಟ್ಟು ಕೂತಿದ್ದೆ. ಪಕ್ಕದಲ್ಲೊಬ್ಬ ಹಳೆಯ ಕಂಪ್ಯೂಟರೊಂದರ ಮುಚ್ಚಳ ತೆಗೆದು ಚಾಲೂ ಮಾಡಿದ. ಬಿಸಿಯಾದ ಧೂಳಿನ ವಾಸನೆ ಮೂಗಿಗೆ ಬಡಿಯಿತು. ಮಿಕ್ಸಿಯನ್ನು ಮರೆತು ನಾನು ಮಕ್ತಲ್‌ನ ನಮ್ಮ ಮನೆಯ ಮಾಳಿಗೆ ಮೆಟ್ಟಿಲ ಮೇಲಿದ್ದೆ...

ಮೇಲಿನ ಕೋಣೆಯಲ್ಲಿ ಬಾಡಿಗೆಗಿದ್ದವರನ್ನು ಅವ್ವ ಮಾಳಿಗಿ ಸಾರ್ ಎಂದು ಕರೆಯುತ್ತಿದ್ದಳು. ಶಾಲೆಯಲ್ಲಿ ಮಕ್ಕಳಿಗೆ ಪಾಠ ಹೇಳಿ ಬರುತ್ತಿದ್ದ ನನಗೂ ಅದೇ ರೂಢಿಯಾಯಿತು. ಐವತ್ತು ದಾಟಿದವರು, ಒಂಟಿ. ನಮ್ಮ ಮಾಳಿಗೆಯ ಮೇಲೆ ಎರಡು ಡಿಷ್ ನಿಲ್ಲಿಸಿ, ಒಂದರ ಮುಖವನ್ನು ನಾರಾಯಣಪೇಟೆಗೆ, ಇನ್ನೊಂದರದನ್ನು ಹೊಳೆಯಾಚೆಯ ಗದ್ವಾಲಕ್ಕೆ ತಿರುಗಿಸಿದ್ದರು. ಮೂರೂರಿನ ಇಂಟರ್ನೆಟ್ಟು ಅವರ ಮೇಜಿನ ಮೇಲಿನ ಒಂದು ಮುದಿ ಕಂಪ್ಯೂಟರಿನೊಳಗಿಂದ ಹಾದುಹೋಗುತ್ತಿತ್ತು.

ತೆಲಂಗಾಣ ಇನ್ನೇನು ಬಂದೇಬಿಟ್ಟಿತು ಎನ್ನುವ ದಿನಗಳು. ಎಲ್ಲರೂ ಒಮ್ಮೆಲೇ ಸುದ್ದಿ ನೋಡಲು ಕೂತರೆ ಚಿತ್ರ ನಿಂತುಬಿಡುತ್ತಿತ್ತು. ಫೋನಿನ ಮೇಲೆ ಫೋನು. "ಸಾರ್, ಬೊಮ್ಮ ಆಗಿಪೋಯಿಂದಿ", ಚಿತ್ರ ನಿಂತೇಹೋಯಿತು ಎಂದು ಒಬ್ಬ ತೆಲುಗಿನಲ್ಲಿ ಗೋಳಾಡಿದರೆ, "ಲೀಡರು ಬಾಯಿ ತಗದು ನಿಂತು ತಾಸಾತ್ರಿ, ಮುಚ್ಚಸ್ರಿ ಮೊದ್ಲ" ಎಂದು ಇನ್ನೊಬ್ಬ.

ರೊಟ್ಟಿ ಬಡಿಯುತ್ತಿದ್ದ ಅವ್ವನಿಗೆ ಅವರೊಮ್ಮೆ ಕಾರಣ ಬಿಡಿಸಿ ಹೇಳಿದರು. ಮಾತು, ಚಿತ್ರ ಎಲ್ಲವೂ ಸಣ್ಣ ಸಣ್ಣ ಪೊಟ್ಟಣಗಳಾಗಿ ಬರುತ್ತವೆ. ಅವುಗಳನ್ನು ತೆಗೆದುಕೊಂಡು ಮುಂದಕ್ಕೆ ಕಳಿಸುವುದು ಕರ್ನಲ್, ಕಂಪ್ಯೂಟರಿನ ಒಳಗಿನ ಯಜಮಾನ. ಒಂದೊಂದು ಪೊಟ್ಟಣಕ್ಕೂ ಗಂಟೆ ಬಾರಿಸುತ್ತದೆ, ಯಜಮಾನ ಕೈಲಿದ್ದದ್ದನ್ನು ಬಿಟ್ಟು ಎದ್ದು ಬರಬೇಕು.

"ಹಂಗ ಎದ್ದೆದ್ದು ಹೋದ್ರ ನನ್ನ ರೊಟ್ಟಿ ಹಂಚಿನ ಮ್ಯಾಲ ಕರಿ ಆಗ್ತಾವಲ್ರಿ."

"ಅದ ಆಗೇತ್ರಿ ಅವ್ವಾ. ಬಾಗ್ಲಿಗೆ ಓಡಾಡೋದ್ರಾಗ ಹೊತ್ತು ಮುಗೀತೈತಿ, ಕೆಲಸ ಒಂದೂ ಆಗಂಗಿಲ್ಲ."

ಕರ್ನಲ್ಲಿನ ಆ ಭಾಗವನ್ನು ಅವರೇ ತಿದ್ದಿ ಬರೆದರು. ಮೊದಲ ಗಂಟೆ ಬಾರಿಸಿದ ಕೂಡಲೇ ಗಂಟೆಯನ್ನೇ ಬಂದ್ ಮಾಡಿ, ಹೊರಗೆ ನಿಂತ ಪೊಟ್ಟಣಗಳನ್ನು ಅರವತ್ನಾಲ್ಕರ ಗುಂಪಾಗಿ ಒಳಗೆ ತರುವ ಹಾಗೆ. ಆಮೇಲೆ ಒಂದೇ ಪೊಟ್ಟಣವನ್ನು ಒಳಗೆ ಎರಡೆರಡು ಸಲ ನಕಲು ಮಾಡುವುದನ್ನೂ ತಪ್ಪಿಸಿದರು. ಚಿತ್ರ ನಿಲ್ಲುವುದು ಎಷ್ಟೋ ಕಡಿಮೆಯಾಯಿತು, ಪೂರ್ತಿ ಹೋಗಲಿಲ್ಲ. ಮೇಲಿನ ವಿಳಾಸ ಓದಿ ಹಾಗೇ ದಾಟಿಸಬಹುದಾದ ಪ್ರತಿಯೊಂದು ಪೊಟ್ಟಣವನ್ನೂ ಅವರ ಯಂತ್ರ ಬಿಚ್ಚಿ, ಒಳಗಿನದನ್ನು ನೋಡಿ, ಮತ್ತೆ ಕಟ್ಟಿ ಕಳಿಸುತ್ತಿತ್ತು. ತಡವಾಗುತ್ತಿದ್ದುದು ಅಲ್ಲಿ. ಯಾಕೆಂದು ನನಗೊಬ್ಬಳಿಗೇ ಹೇಳಿದರು.

ಗದ್ವಾಲದ ತುದಿಯನ್ನು ನೋಡಿಕೊಳ್ಳುತ್ತಿದ್ದವನು ಅವರ ತಮ್ಮ. ಅಣ್ಣ ಕೆಲಸದ ಭರದಲ್ಲಿ ಊಟ ಮರೆಯುತ್ತಾನೆಂದು ಅವನು ಒಂದು ಪುಟ್ಟ ಪ್ರೋಗ್ರಾಂ ಬರೆದಿಟ್ಟಿದ್ದ. ದಿನಾ ಮಧ್ಯಾಹ್ನ ಒಂದು ಪೊಟ್ಟಣ ಬರುತ್ತಿತ್ತು, ಒಳಗೆ ಒಂದೇ ಮಾತು: ಉಂಡಿಯೇನಣ್ಣ. ಇವರು "ಉಂಡೆ" ಎಂದು ಒತ್ತಿ ಕಳಿಸಿ ಆಮೇಲೆ ಗಂಗಾಳ ಎಳೆದುಕೊಳ್ಳುತ್ತಿದ್ದರು. "ಉಣ್ಣಾಕಿಂತ ಮೊದ್ಲ ಉಂಡೆ ಅಂತಾನ, ಸುಳ್ಳ" ಎಂದು ಅವ್ವ ನಗುತ್ತಿದ್ದಳು.

ಹಿಂದಿನ ವರ್ಷ ತಮ್ಮ ಕಾಮಾಲೆಯಿಂದ ತೀರಿಕೊಂಡಿದ್ದ. ಅವನ ಕಂಪ್ಯೂಟರನ್ನು ಇವರೇ ಬಿಚ್ಚಿ, ಗೋಣಿಚೀಲದಲ್ಲಿ ಕಟ್ಟಿ ತಂದು ಮಂಚದ ಕೆಳಗೆ ಇಟ್ಟಿದ್ದರು. ಆ ಚೀಲವನ್ನು ನಾನು ಮುಟ್ಟಿ ನೋಡಿದ್ದೇನೆ.

ಆ ಮಾತು ಮಾತ್ರ ಬರುವುದು ನಿಲ್ಲಲಿಲ್ಲ.

ಒಂದು ದಿನ ಬೀಜದಂಗಡಿಯ ವಿಳಾಸ ಹೊತ್ತು, ಮರುದಿನ ಕಾಲೇಜಿನದು, ಇನ್ನೊಂದು ದಿನ ಯಾರದೂ ಅಲ್ಲದ್ದು. ಅದಕ್ಕೇ ಎಲ್ಲವನ್ನೂ ಬಿಚ್ಚಿ ನೋಡಬೇಕಿತ್ತು. ಸಾರ್ ಗದ್ವಾಲಕ್ಕೆ ಹೋಗಿ ಕೋಟೆಯ ಸುತ್ತಲಿನ ಮನೆ ಮನೆಯ ತಂತಿ ಹುಡುಕಿ ಬಂದರು. ಏನೂ ಸಿಗಲಿಲ್ಲ. ಯಾರೋ ಚೇಷ್ಟೆ ಮಾಡುತ್ತಿದ್ದಾರೆ ಎಂದೇ ನಾನೂ ನಂಬಿದ್ದೆ, ಗಾಳಿಗೆ ಗದ್ವಾಲದ ಡಿಷ್ ಬಿದ್ದ ದಿನದವರೆಗೆ. ಅತ್ತಣ ದಾರಿ ಪೂರಾ ಕಡಿದಿತ್ತು. ಆ ಕಡೆಯಿಂದ ಬಂದ ಪೊಟ್ಟಣಗಳ ಎಣಿಕೆ ಪರದೆಯ ಮೇಲೆ ಸೊನ್ನೆಯಲ್ಲಿ ನಿಂತಿತ್ತು. ಹೊರಗೆ ಸುಡುಬಿಸಿಲು, ಕೆಳಗೆ ಅವ್ವ ಖಾರ ಕುಟ್ಟುವ ಸದ್ದು. ನಾವಿಬ್ಬರೂ ನೋಡುತ್ತಿದ್ದಂತೆಯೇ ಸೊನ್ನೆ ಒಂದಾಯಿತು. ಸಾರ್ ತಿರುಗಿ ನನ್ನ ಕಡೆ ನೋಡಲಿಲ್ಲ. ಉಂಡೆ ಎಂದು ಒತ್ತಿದರು.

ರಾಜ್ಯ ಹುಟ್ಟುವ ದಿನ ಹತ್ತಿರ ಬಂತು. ಅವತ್ತು ಚಿತ್ರ ನಿಂತರೆ ಕೆಲಸ ಬೇರೆಯವರಿಗೆ ಎಂದು ಅವರನ್ನು ಕೆಲಸಕ್ಕಿಟ್ಟಿದ್ದ ಇಂಟರ್ನೆಟ್ ಕಂಪನಿಯವರು ಫೋನಿನಲ್ಲೇ ಹೇಳಿಬಿಟ್ಟರು. ಸಾರ್ ಕೆಳಗಿಳಿದು ಬಂದು ನಮ್ಮ ಕಟ್ಟೆಯ ಮೇಲೆ ಕೂತರು.

"ಬಿಚ್ಚಿ ನೋಡೋದು ಬಿಟ್ರ ಓಡ್ತೈತ್ರಿ, ಕುದುರಿ ಓಡಿದಂಗ. ಆದ್ರ ಅವನ್ದು ಬಂದ್ರೂ ನನಗ ತಿಳ್ಯಂಗಿಲ್ಲ. ಬಾಗ್ಲದಾಗ ಬಿದ್ದು ಹೋಗ್ತೈತಿ."

"ಕೆಲಸ ಹೋದ್ರ ಈ ಡಿಷ್ ಸೈತ ಇರಂಗಿಲ್ಲಲ್ರಿ ಸಾರ್" ಎಂದೆ ನಾನು.

"ಎರಡು ದಿನ ಬಿಚ್ಚಿ ನೋಡೋದು ಬಿಡ್ಲೇನ್ರಿ?"

"ಮೂರು ಮಾಡ್ರಿ. ಮರುದಿನಾನೂ ಮಂದಿ ತಿರುಗಾ ಮುರುಗಾ ನೋಡ್ತಾರ. ಇಷ್ಟು ದಿನ ಬಂದದ್ದು ಮತ್ತ ಬರ್ತೈತಿ."

ಮೂರು ದಿನ ಬಿಚ್ಚಿ ನೋಡುವುದನ್ನು ನಿಲ್ಲಿಸಿದರು. ಆ ದಿನ ಮೂರೂರಿನಲ್ಲಿ ಪಟಾಕಿ, ಗುಲಾಲು. ಪರದೆಗಳ ಮೇಲೆ ಚಿತ್ರ ಒಂದು ಚಣವೂ ತಡವರಿಸಲಿಲ್ಲ. ಒಂದೇ ಒಂದು ಫೋನು ಬರಲಿಲ್ಲ. ಇಷ್ಟು ದಿನ ಬೈಸಿಕೊಂಡ ಮನುಷ್ಯನಿಗೆ ಆ ಮೌನವೇ ಬಹುಮಾನ ಅಂದುಕೊಂಡೆ. ಅವರು ಮಾತ್ರ ಮೂರೂ ಮಧ್ಯಾಹ್ನ ಯಂತ್ರದ ಮೇಲೆ ಅಂಗೈ ಇಟ್ಟು ಕೂತಿದ್ದರು, ಜ್ವರ ಬಂದ ಮಗುವಿನ ಹಣೆ ಮುಟ್ಟಿ ನೋಡುವವರಂತೆ.

ನಾಲ್ಕನೆಯ ದಿನ ಮತ್ತೆ ಬಿಚ್ಚಿ ನೋಡತೊಡಗಿದರು. ಬರಲಿಲ್ಲ. ಐದನೆಯ ದಿನವೂ ಇಲ್ಲ. ಅವ್ವ ಮೆಟ್ಟಿಲ ಬುಡದಿಂದ "ಉಂಡೀರೇನ್ರಿ ಸಾರ್" ಎಂದು ಕೂಗಿದರೆ ಮೇಲೆ ಕುರ್ಚಿ ದಡಕ್ಕನೆ ಸರಿದ ಸದ್ದು ಕೇಳುತ್ತಿತ್ತು. ಅವಳು ಹಾಗೆ ಕೂಗುವುದನ್ನೇ ಬಿಟ್ಟಳು...

ವಾರ ಕಳೆದ ಮೇಲೆ ನನ್ನನ್ನು ಕರೆದರು. ಗೋಣಿಚೀಲ ಬಿಚ್ಚಿದ್ದರು. ಅದುವರೆಗೆ ನೋಡಲು ಮನಸ್ಸಾಗದಿದ್ದ ತಮ್ಮನ ಡಿಸ್ಕನ್ನು ತಮ್ಮ ಯಂತ್ರಕ್ಕೆ ಹಚ್ಚಿ, ಅವನ ಪ್ರೋಗ್ರಾಂ ತೆರೆದಿದ್ದರು. ಎಂಟೋ ಹತ್ತೋ ಸಾಲು. ಕೊನೆಯ ಸಾಲಿನ ಪಕ್ಕದಲ್ಲಿ, ಇಂಗ್ಲಿಷ್ ಅಕ್ಷರದಲ್ಲಿ ನಮ್ಮ ಕನ್ನಡ ಬರೆದು, ತಮ್ಮ ತನಗೆ ತಾನೇ ಗುರುತು ಮಾಡಿಕೊಂಡಿದ್ದ: ಮೂರು ದಿನ ಜವಾಬು ಬರಲಿಲ್ಲಂದ್ರ ಅಣ್ಣ ಇಲ್ಲ. ಇನ್ನ ಕೇಳಬ್ಯಾಡ.

ಸಾರ್ ಆ ಸಾಲಿನ ಮೇಲೆ ಬೆರಳಿಟ್ಟರು.

"ಅವನ ಲೆಕ್ಕದಾಗ ಈಗ ಸತ್ತಾಂವ ನಾನ್ರಿ" ಎಂದರು. ದನಿಯಲ್ಲಿ ಅಳು ಇರಲಿಲ್ಲ.

ನನ್ನನ್ನು ಒಂದು ಮಾತೂ ಅನ್ನಲಿಲ್ಲ. ಮಳೆಗಾಲ ಮುಗಿಯುವ ಹೊತ್ತಿಗೆ ಕೆಲಸವನ್ನು ತಾವೇ ಬಿಟ್ಟು ಗದ್ವಾಲಕ್ಕೆ ಹೋದರು. ಅವರು ತೀರಿಕೊಂಡ ಸುದ್ದಿ ನಮಗೆ ತಲುಪಿದ್ದು ಎಷ್ಟೋ ತಿಂಗಳ ಮೇಲೆ, ಯಾರದೋ ಮದುವೆಯ ಪಂಕ್ತಿಯಲ್ಲಿ. ಅವ್ವ ಎಲೆ ಬಿಟ್ಟು ಎದ್ದಳು. ಈಗ ಅವಳೂ ಇಲ್ಲ. ಊರಿಗೆ ಕೇಬಲ್ ಬಂದಿದೆ, ಮೇಲಿನ ಕೋಣೆಯನ್ನು ನಾನು ಯಾರಿಗೂ ಕೊಟ್ಟಿಲ್ಲ.

ರಾಜ್ಯ ಬಂದ ದಿನ ಚಿತ್ರ ಒಮ್ಮೆಯೂ ನಿಲ್ಲಲಿಲ್ಲವೆಂದು ಮಕ್ತಲ್‌ನ ಮಂದಿ ಇಂದಿಗೂ ಹೇಳುತ್ತಾರೆ. ನಾನು ಹೌದೆನ್ನುತ್ತೇನೆ. ಮೂರನೆಯ ದಿನ ಊರಿನಲ್ಲಿ ಯಾರೂ ಏನನ್ನೂ ನೋಡುತ್ತಿರಲಿಲ್ಲ, ಅವರು ಕೇಳಿದ ಎರಡೇ ದಿನ ಸಾಕಿತ್ತು ಎಂಬುದನ್ನು ಮಾತ್ರ ಇದುವರೆಗೆ ಯಾರಿಗೂ ಹೇಳಿರಲಿಲ್ಲ.